ಟಿಕ್, ಠುಸ್ ಮತ್ತು ಕನ್ನಡಕ

ಮರದ ಮೇಲಿನ ಹಕ್ಕಿಯ ಕಣ್ಣೊಂದೇ ಕಾಣುತ್ತಿದೆ ಎಂದು ಅರ್ಜುನ ಹೇಳಿದ ಕಥೆಯನ್ನು ನಮಗೆ ಎಷ್ಟು ಮೇಷ್ಟರು ಎಷ್ಟು ಸಲ ಹೇಳಿರಬಹುದು! ಗಣಿತದ ಪರೀಕ್ಷೆಗೂ ಅದೇ ಕಥೆ, ಓಟದ ಸ್ಪರ್ಧೆಗೂ ಅದೇ ಕಥೆ. ಹಕ್ಕಿಯ ಕಣ್ಣಿನ ಬಗ್ಗೆ ಇಷ್ಟು ತಲೆ ಕೆಡಿಸಿಕೊಂಡ ದ್ರೋಣರು ಶಿಷ್ಯನ ಕಣ್ಣಿನ ಬಗ್ಗೆ ಒಂದು ಮಾತಾದರೂ ಆಡಿದರೇ? ಆಡಲಿಲ್ಲ. ಆಡುವ ಅಗತ್ಯವೂ ಇರಲಿಲ್ಲ ಅನ್ನಿ. ಬಿಲ್ಲು ಬಡಪಾಯಿ. ಕೈಕೊಟ್ಟರೆ ಹೆದೆ ಹರಿದು ಮುಂಗೈಗೆ ಚುರುಕ್ಕೆಂದೀತು, ಅಷ್ಟೆ. ಕೋವಿ ಹಾಗಲ್ಲ, ಅದಕ್ಕೆ ಎರಡು ತುದಿ. ಮುಂದಿನ ತುದಿಯ ಬಗ್ಗೆ ಕಥೆ, ಕಾದಂಬರಿ, ಲಾವಣಿ, ಸಿನಿಮಾ ಏನುಂಟು ಏನಿಲ್ಲ! ಹಿಂದಿನ ತುದಿಗೆ ಕೆನ್ನೆ ಒತ್ತಿ, ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ಅಗಲಿಸಿ ನಿಂತವನ ಗತಿ ಏನು ಎಂಬುದನ್ನು ಮಾತ್ರ ಯಾವ ಲಾವಣಿಕಾರನೂ ಹಾಡಲಿಲ್ಲ.

ಈ ಮಾತು ಈಗ ಯಾಕೆ ಬಂತೆಂದರೆ, ನಮ್ಮ ಅಕ್ಕನನ್ನು ಕೊಟ್ಟದ್ದು ಕೊಡಗಿಗೆ. ಹಾಗಾಗಿ ನನಗೊಬ್ಬರು ಭಾವ ಇದ್ದಾರೆ, ಭಾವನಿಗೊಂದು ಜಗಲಿ ಇದೆ, ಜಗಲಿಯ ಒಳಗೋಡೆಗೆ ಕೋವಿಗಳು ಇವೆ. ಬೇರೆ ಊರಿನವರಿಗೆ ಇದು ಸೋಜಿಗ. ಮನೆಯಲ್ಲಿ ಕೋವಿ ಅಂದರೆ ಪೊಲೀಸು, ಲೈಸೆನ್ಸು, ಠಾಣೆ ಎಂದು ಅವರ ಎದೆ ಹೊಡೆದುಕೊಳ್ಳುತ್ತದೆ. ಕೊಡಗಿನ ಲೆಕ್ಕ ಬೇರೆ. 1861ರಲ್ಲಿ ಮಾರ್ಕ್ ಕಬ್ಬನ್ ಸಾಹೇಬರ ಕಾಲದಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಆಯುಧ ಕಾಯಿದೆಯಿಂದ ಕೊಟ್ಟ ವಿನಾಯಿತಿ ಸ್ವತಂತ್ರ ಭಾರತದಲ್ಲೂ ಮುಂದುವರಿಯಿತು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು ಮತ್ತೆ 2029ರವರೆಗೆ ವಿಸ್ತರಿಸಿತು. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ವಾಕಿಂಗ್ ಹೋಗುವವರಿಗೆ ಆ ಹೆಸರಿನ ಮನುಷ್ಯನಿಗೂ ಕೊಡಗಿನ ಕೋವಿಗೂ ಇಂಥ ನಂಟಿದೆ ಎಂದು ಹೊಳೆಯುವುದುಂಟೇ?

ಸೆಪ್ಟೆಂಬರ್ ಮೊದಲ ವಾರ ಬಂದರೆ ಕೊಡಗಿನ ಹಬ್ಬ ಕೈಲ್‌ಪೊಳ್ದ್. ನಾಟಿ ಮುಗಿದಿರುತ್ತದೆ, ನೇಗಿಲಿಗೂ ಎತ್ತಿಗೂ ಬಿಡುವು, ಗೋಡೆಯ ಮೇಲಿದ್ದ ಕೋವಿ ಕತ್ತಿಗಳಿಗೆ ಪೂಜೆ. ನಳಿಗೆಯ ಬಾಯಿಗೆ ಕೆಂಪು ಹಳದಿ ಬೆಂಕಿ ಬಣ್ಣದ ತೋಕ್‌ ಪೂ ಸಿಕ್ಕಿಸುತ್ತಾರೆ. ಆಮೇಲೆ ಕಡಂಬುಟ್ಟು, ಪಂದಿ ಕರಿ. ಆ ಪಂದಿ ಕರಿಗೆ ಹಾಕುವ ಕಾಚಂಪುಳಿಯ ಕಪ್ಪು ಹುಳಿಯ ಬಗ್ಗೆ ಬರೆಯಲು ಶುರುಮಾಡಿದರೆ ಕೋವಿ ಅಲ್ಲೇ ಉಳಿದೀತು, ಅದನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳೋಣ. ಹೇಳಬೇಕಾದದ್ದು ಹೂವಿನ ವಿಷಯ. ಪೂಜೆ ಮುಗಿದು ಗಾಳಿಯಲ್ಲಿ ಗುಂಡು ಹಾರಿಸುವ ಮುನ್ನ ಆ ಹೂವನ್ನು ತೆಗೆಯಲು ಮರೆಯಬಾರದು. ನಳಿಗೆಯೊಳಗೆ ಏನೇ ಸಿಕ್ಕಿಕೊಂಡಿದ್ದರೂ, ಅದು ದೇವರಿಗೆ ಏರಿಸಿದ ಹೂವೇ ಆಗಿರಲಿ, ಮದ್ದಿಗೆ ಭಕ್ತಿ ತಿಳಿಯದು.

ಭಾವನ ಹತ್ತಿರ ತೋಟೆ ಕೋವಿಯ ಜೊತೆಗೆ ಹಳೆಯದೊಂದು ಕೇಪಿನ ಕೋವಿಯೂ ಇದೆ. ಅದನ್ನು ತುಂಬುವುದನ್ನು ನೋಡಬೇಕು ನೀವು. ಕೋವಿಯನ್ನು ನೆಲಕ್ಕೆ ಊರಿ ನಿಲ್ಲಿಸಿ, ಅಳೆದ ಕರಿಮದ್ದನ್ನು ನಳಿಗೆಯ ಬಾಯಿಂದ ಸುರಿಯುತ್ತಾರೆ. ಮೇಲೆ ತೆಂಗಿನ ನಾರಿನ ಉಂಡೆ. ಉದ್ದನೆಯ ಗಜ ಹಿಡಿದು ಅದನ್ನು ಕುಟ್ಟಿ ಕುಟ್ಟಿ ಕೂರಿಸುತ್ತಾರೆ. ಗಜ ಟಣ್ಣೆಂದು ಹಿಂದಕ್ಕೆ ಪುಟಿದರೆ ಹದ ಬಂತು ಎಂದರ್ಥ. ಆಮೇಲೆ ಚರೆ, ಚರೆ ಉದುರದಿರಲು ಮತ್ತೆ ನಾರು. ಕಡೆಗೆ ಕೋವಿಯ ಸುತ್ತಿಗೆಯಂಥ ಕುದುರೆಯನ್ನು ಹಿಂದಕ್ಕೆ ಎತ್ತಿ, ಅದರ ಬುಡದಲ್ಲಿರುವ ತೂತಿನ ಮೊಳೆಗೆ ತಾಮ್ರದ ಪುಟಾಣಿ ಕೇಪನ್ನು ಎರಡು ಬೆರಳಲ್ಲಿ ಹಿಡಿದು ತೊಡಿಸುತ್ತಾರೆ. ಇಷ್ಟಾಗುವಷ್ಟರಲ್ಲಿ ಕಾಡುಹಂದಿ ಗದ್ದೆ ತಿಂದು, ಬಾಯಿ ಒರೆಸಿಕೊಂಡು, ಮನೆ ಸೇರಿರುತ್ತದೆ ಎಂದು ನನ್ನ ಅಕ್ಕ ಹೇಳುವುದುಂಟು.

ಇಷ್ಟೆಲ್ಲ ಉಪಚಾರ ಮಾಡಿಸಿಕೊಂಡ ಕೋವಿಯನ್ನು ಹೆಗಲಿಗೇರಿಸಿ, ಗುರಿ ಹಿಡಿದು, ಉಸಿರು ಕಟ್ಟಿ ಟ್ರಿಗರ್ ಎಳೆದರೆ ಏನಾಗುತ್ತದೆ? ಒಮ್ಮೊಮ್ಮೆ 'ಟಿಕ್' ಅನ್ನುತ್ತದೆ. ಅಷ್ಟೆ.

ಮನುಷ್ಯನ ಗುಣ ಪರೀಕ್ಷೆಯಾಗುವುದು ಆ 'ಟಿಕ್' ಆದಮೇಲಿನ ಅರ್ಧ ನಿಮಿಷದಲ್ಲಿ. ಕೋವಿ ಹಾರಿತು, ಗುರಿ ತಪ್ಪಿತು. ಅದಕ್ಕೆ ಗಾಳಿ, ಬೆಳಕು, ಪಕ್ಕದವನ ಕೆಮ್ಮು ಎಂದು ನೂರು ನೆಪ. ಆದರೆ ಕೋವಿ ಹಾರಲೇ ಇಲ್ಲ ಎಂದರೆ ನಾಲ್ಕು ಜನರ ಮುಂದೆ ಮಾನ ಹೋದಂತೆ. ಆ ಅವಸರದಲ್ಲಿ ಕೋವಿಯನ್ನು ಇಳಿಸುವುದು, ತಿರುಗಿಸುವುದು, ಅಲ್ಲಾಡಿಸುವುದು, ಇನ್ನೂ ಧೈರ್ಯವಂತರಾದರೆ ನಳಿಗೆಯ ಬಾಯಿಗೇ ಕಣ್ಣಿಟ್ಟು ನೋಡುವುದು! ಒಳಗೆ ಕೇಪಿನ ಕಿಡಿ ತೇವದ ಮದ್ದಿಗೆ ತಗುಲಿ ಕುಟುಕುಟು ಅನ್ನುತ್ತಿದ್ದರೆ? ಅದು ಒಂದು ಕ್ಷಣ ತಡವಾಗಿ ಹೊತ್ತಿಕೊಂಡರೆ? ಅದಕ್ಕೇ ಬಲ್ಲವರು ಹೇಳುವುದು: ಟಿಕ್ ಎಂದರೆ ಕೋವಿಯನ್ನು ಗುರಿಯ ಕಡೆಗೇ ಹಿಡಿದುಕೊಂಡು ಸುಮ್ಮನೆ ನಿಲ್ಲಿ. ತೋಟೆ ಕೋವಿಯಾದರೆ ಅರ್ಧ ನಿಮಿಷವಾದರೂ, ಕೇಪಿನ ಕೋವಿಯಾದರೆ ಒಂದೆರಡು ನಿಮಿಷವಾದರೂ ಇರಲಿ. ಆಮೇಲೆ ಮುಖ ಪಕ್ಕಕ್ಕಿಟ್ಟು ಬಿಚ್ಚಿ. ಸುಮ್ಮನೆ ನಿಲ್ಲುವುದು ಎಷ್ಟು ಕಷ್ಟದ ಕೆಲಸ ಎಂಬುದು ಸುಮ್ಮನೆ ನಿಂತವರಿಗೇ ಗೊತ್ತು.

ಇದನ್ನು ಕಲಿಯಲು ಕೊಡಗಿಗೇ ಹೋಗಬೇಕಿಲ್ಲ. ದೀಪಾವಳಿಯಲ್ಲಿ ಬತ್ತಿ ಹೊಗೆಯಾಡಿ ಆರಿದಂತೆ ಕಂಡ ಲಕ್ಷ್ಮೀ ಪಟಾಕಿಯ ಮೇಲೆ ಬಗ್ಗಿ 'ಠುಸ್ ಆಯ್ತೇನೋ' ಎಂದು ನೋಡುವ ಹುಡುಗರು ಯಾವ ಬೀದಿಯಲ್ಲಿಲ್ಲ? ಬೆಂಗಳೂರಿನ ಮಿಂಟೊ ಕಣ್ಣಾಸ್ಪತ್ರೆ 1896ರಲ್ಲಿ ಶುರುವಾದದ್ದು. ಊರಿಗೆಲ್ಲ ಹಬ್ಬವಾದರೆ ಅಲ್ಲಿನ ವೈದ್ಯರಿಗೆ ಅದೇ ದುಡಿಮೆಯ ದಿನ. ಹಾಸಿಗೆ ಹಾಸಿ, ಔಷಧಿ ಜೋಡಿಸಿ, ರಾತ್ರಿಯಿಡೀ ಕಾದಿರುತ್ತಾರೆ. ಅಲ್ಲಿಗೆ ಬರುವವರಲ್ಲಿ ಪಟಾಕಿ ಹಚ್ಚಿದವರಷ್ಟೇ ಅಲ್ಲ, ಪಕ್ಕದಲ್ಲಿ ಕೈಕಟ್ಟಿ ನೋಡುತ್ತಾ ನಿಂತವರೂ ಇರುತ್ತಾರೆ. ಈ ಮಾತನ್ನು ನೆನಪಿಟ್ಟುಕೊಳ್ಳಿ. ಕೋವಿ ಹಾರಿಸುವ ಜಾಗದಲ್ಲೂ ಕನ್ನಡಕ ಬೇಕಾದದ್ದು ಹಾರಿಸುವವನೊಬ್ಬನಿಗೇ ಅಲ್ಲ.

ಮಳೆನಾಡಿನಲ್ಲಿ ಮದ್ದು ಒಣಗಿಸಿಡುವುದೇ ಒಂದು ವ್ರತ. ಭಾವನ ಮನೆಯಲ್ಲಿ ಮದ್ದಿನ ಡಬ್ಬಿಗೆ ಇರುವಷ್ಟು ಬೆಚ್ಚನೆಯ ಜಾಗ ಬಂದ ನೆಂಟರಿಗೂ ಸಿಗುವುದಿಲ್ಲ. ಮಳೆ ಮತ್ತು ಮದ್ದಿನ ಜಗಳ ಚರಿತ್ರೆಯನ್ನೇ ತಿರುಗಿಸಿದ್ದುಂಟು. 1757ರ ಜೂನ್ 23, ಪ್ಲಾಸಿ. ಯುದ್ಧದ ನಡುವೆ ಮಳೆ ಸುರಿಯಿತು. ಕ್ಲೈವನ ಕಡೆಯವರು ಮದ್ದಿನ ಮೇಲೆ ಟಾರ್ಪಾಲು ಎಳೆದರು, ಸಿರಾಜುದ್ದೌಲನ ಕಡೆಯವರ ಮದ್ದು ನೆನೆಯಿತು. ಇಂಗ್ಲಿಷರ ಫಿರಂಗಿಯೂ ತಮ್ಮದರಂತೆಯೇ ಬಾಯಿ ಮುಚ್ಚಿರಬೇಕೆಂದು ಇವರು ಮುನ್ನುಗ್ಗಿದರು, ಅದು ಮುಚ್ಚಿರಲಿಲ್ಲ. ಮೀರ್ ಜಾಫರನ ದ್ರೋಹದ ಬಗ್ಗೆ ಪುಟಗಟ್ಟಲೆ ಬರೆದವರು ಟಾರ್ಪಾಲಿನ ಬಗ್ಗೆ ಒಂದು ಸಾಲು ಬರೆದು ಮುಗಿಸುತ್ತಾರೆ. ಮಲೆನಾಡಿನವರು ಚರಿತ್ರೆ ಬರೆದಿದ್ದರೆ ಟಾರ್ಪಾಲಿಗೇ ಒಂದು ಅಧ್ಯಾಯ ಸಿಕ್ಕಿರುತ್ತಿತ್ತು.

ಆ ಕಾಲದ ಬಂದೂಕಿಗೆ ಕೇಪೇ ಇರಲಿಲ್ಲ. ಚಕಮಕಿ ಕಲ್ಲು ಉಕ್ಕಿಗೆ ಬಡಿದು, ಕಿಡಿ ಹಾರಿ, ಪಕ್ಕದ ಪುಟ್ಟ ಬಟ್ಟಲಿನ ಮದ್ದು ಭಗ್ಗೆಂದು ಹೊತ್ತಿ, ಆ ಬೆಂಕಿ ತೂತಿನ ಮೂಲಕ ಒಳಗೆ ಹೋಗಿ ಆಮೇಲೆ ಗುಂಡು ಹಾರಬೇಕು. ಭಗ್ಗೆನ್ನುವುದು ಎಲ್ಲಿ? ಗುರಿ ಹಿಡಿದ ಕಣ್ಣಿನ ಪಕ್ಕದಲ್ಲಿ! ಸ್ಕಾಟ್ಲೆಂಡಿನ ಬೆಲ್‌ಹೆಲ್ವಿ ಎಂಬ ಊರಿನಲ್ಲಿ ಅಲೆಕ್ಸಾಂಡರ್ ಫೋರ್ಸೈತ್ ಎಂಬ ಪಾದ್ರಿ ಇದ್ದ. ಭಾನುವಾರ ಪ್ರವಚನ, ಉಳಿದ ದಿನ ಹಕ್ಕಿ ಬೇಟೆ. ಅವನ ತಕರಾರು ಕಣ್ಣಿನದಲ್ಲ, ಹಕ್ಕಿಯದು. ಬಟ್ಟಲಿನ ಬೆಂಕಿ ಮಿಂಚಿದ್ದೇ ತಡ, ಗುಂಡು ತಲುಪುವ ಮೊದಲೇ ಹಕ್ಕಿ ಪರಾರಿ. ತಲೆ ಓಡಿಸಿದ ಪಾದ್ರಿ, ಪೆಟ್ಟು ಬಿದ್ದರೆ ಸಿಡಿಯುವ ರಾಸಾಯನಿಕದಿಂದ ಮದ್ದು ಹೊತ್ತಿಸುವ ಉಪಾಯ ಕಂಡುಹಿಡಿದು 1807ರಲ್ಲಿ ಪೇಟೆಂಟ್ ಪಡೆದ. ತಾಮ್ರದ ಕೇಪು ಹುಟ್ಟಿದ್ದು ಆ ದಾರಿಯಲ್ಲೇ. ಸಕಲ ಜೀವಿಗಳಲ್ಲಿ ದಯೆಯಿರಲಿ ಎನ್ನಬೇಕಾದವನು ಹಕ್ಕಿ ತಪ್ಪಿಸಿಕೊಳ್ಳುತ್ತದೆಂದು ನೊಂದು ಜಗತ್ತಿನ ಸೈನ್ಯಗಳ ಕೈಗೆ ಹೊಸ ಬಂದೂಕು ಬರಲು ಕಾರಣನಾದ. ಇದಕ್ಕೆ ನಗಬೇಕೋ ಅಳಬೇಕೋ ನೀವೇ ಹೇಳಿ.

ಆ ಕೇಪಿನ ಮಹಿಮೆ ಎಷ್ಟು ಎಂದು ಇಂಗ್ಲೆಂಡಿನ ವುಲಿಚ್‌ನಲ್ಲಿ 1834ರಲ್ಲಿ ಪರೀಕ್ಷೆ ಮಾಡಿದರು. ಚಕಮಕಿ ಬಂದೂಕುಗಳಿಂದ 6,000 ಈಡು, ಕೇಪಿನ ಬಂದೂಕುಗಳಿಂದ 6,000 ಈಡು. ಚಕಮಕಿಯವು 922 ಸಲ ಹುಸಿಹೋದವು, ಕೇಪಿನವು 36 ಸಲ. ಅಂದರೆ ಹಳೆಯ ಸಿಪಾಯಿ ಹೆಚ್ಚುಕಡಿಮೆ ಏಳು ಸಲ ಟ್ರಿಗರ್ ಎಳೆದರೆ ಒಂದು ಸಲ ಬರಿಗೈ. ನಮ್ಮ ಸಿನಿಮಾದ ನಾಯಕನ ಎದೆಗೆ ಖಳನ ಗುಂಡು ಯಾಕೆ ತಾಗುವುದಿಲ್ಲ ಎಂಬುದಕ್ಕೆ ಇಲ್ಲೊಂದು ವೈಜ್ಞಾನಿಕ ಆಧಾರ ಸಿಕ್ಕಿತೆಂದು ಸಂತೋಷಪಡಬಹುದು.

ಕೇಪು ಬಂದರೂ ಮನುಷ್ಯ ಮನುಷ್ಯನೇ ತಾನೆ? 1863ರಲ್ಲಿ ಅಮೆರಿಕದ ಗೆಟಿಸ್‌ಬರ್ಗ್ ಯುದ್ಧ ಮುಗಿದ ಮೇಲೆ ಮೈದಾನದಲ್ಲಿ ಬಿದ್ದಿದ್ದ ಬಂದೂಕುಗಳನ್ನು ಆರಿಸಿ ತಂದು ನೋಡಿದರು. ಸಾವಿರಾರು ಬಂದೂಕುಗಳಲ್ಲಿ ಒಂದರ ಮೇಲೊಂದು ಎರಡೆರಡು ಈಡು, ಕೆಲವಲ್ಲಿ ಇನ್ನೂ ಹೆಚ್ಚು, ಒಂದರಲ್ಲಂತೂ 23 ಈಡು ತುಂಬಿಕೊಂಡಿತ್ತಂತೆ! ಸುತ್ತಲಿನ ಗದ್ದಲದಲ್ಲಿ ತನ್ನ ಬಂದೂಕು ಹಾರಿತೋ ಹುಸಿಹೋಯಿತೋ ತಿಳಿಯದೆ, ಪಾಪ, ಆ ಸಿಪಾಯಿ ತುಂಬುತ್ತಲೇ ಹೋಗಿದ್ದಾನೆ. ಆ ಇಪ್ಪತ್ಮೂರನೆಯದಾದ ಮೇಲೆ ಅದು ನಿಜಕ್ಕೂ ಹಾರಿಬಿಟ್ಟಿದ್ದರೆ! ನೆನೆದರೆ ನನ್ನ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ.

ಹಾಗಾಗಿ ಕೋವಿಯ ಎರಡು ಸದ್ದಿಗೆ ಹೆದರಬೇಕು. ಒಂದು ಈಗಾಗಲೇ ಹೇಳಿದ ಟಿಕ್. ಇನ್ನೊಂದು ಠುಸ್. ಟಿಕ್‌ಗಿಂತ ಠುಸ್ ಮೋಸಗಾರ. ಢಂ ಎನ್ನಬೇಕಾದದ್ದು ಠುಸ್ ಎನ್ನುತ್ತದೆ, ಹೆಗಲಿಗೆ ಒದೆ ಬೀಳುವುದಿಲ್ಲ, 'ಹೋಯ್ತಲ್ಲ, ಮುಂದಿನದು ಹೊಡಿ' ಅನ್ನಿಸುತ್ತದೆ. ಆದರೆ ಗುಂಡು ಹೋಗಿರುವುದಿಲ್ಲ. ತೋಟೆಯಲ್ಲಿ ಮದ್ದು ಕಡಿಮೆಯಾಗಿಯೋ ಕೆಟ್ಟೋ ಅದು ಅರ್ಧ ದಾರಿಯಲ್ಲಿ ನಳಿಗೆಯೊಳಗೆ ಕೂತಿರುತ್ತದೆ. ಅದರ ಹಿಂದೆ ಇನ್ನೊಂದು ಹಾರಿಸಿದಿರೋ, ನಳಿಗೆ ಉಬ್ಬುತ್ತದೆ, ಇಲ್ಲವೇ ಸೀಳುತ್ತದೆ. ಠುಸ್ ಎಂದರೆ ಅಲ್ಲಿಗೆ ನಿಲ್ಲಿಸಿ, ಖಾಲಿಮಾಡಿ, ನಳಿಗೆಯಲ್ಲಿ ಆ ಕಡೆಯಿಂದ ಈ ಕಡೆಗೆ ಬೆಳಕು ಕಾಣುತ್ತದೆಯೇ ಎಂದು ಹಿಂದಿನ ತುದಿಯಿಂದ ನೋಡಬೇಕು.

ನಳಿಗೆ ಕಟ್ಟಿಕೊಳ್ಳಲು ಗುಂಡೇ ಬೇಕೆಂದಿಲ್ಲ. ಮಳೆಗಾಲವಿಡೀ ಗೋಡೆಯ ಮೇಲೇ ತೂಗಿದ ಕೋವಿಯ ನಳಿಗೆ ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಬಾಡಿಗೆಯಿಲ್ಲದ ಮನೆ. ಎಲ್ಲಿ ಪೆನ್ಸಿಲ್ ಗಾತ್ರದ ತೂತು ಕಂಡರೂ ಒದ್ದೆ ಮಣ್ಣು ತಂದು ಮೆತ್ತುವ ಈ ಹುಳುವಿನ ಧೈರ್ಯ ದೊಡ್ಡದು. 1996ರಲ್ಲಿ ಡೊಮಿನಿಕನ್ ಗಣರಾಜ್ಯದ ಕಡಲತೀರದಲ್ಲಿ ಒಂದು ಬೋಯಿಂಗ್ ವಿಮಾನ ಬಿದ್ದಾಗ, ವೇಗ ಅಳೆಯುವ ಕೊಳವೆಯಲ್ಲಿ ಇಂಥದೇ ಹುಳು ಗೂಡು ಕಟ್ಟಿರಬೇಕೆಂದು ತನಿಖೆಯವರು ಶಂಕಿಸಿದ್ದರು. ವಿಮಾನವನ್ನೇ ಬಿಡದ ಹುಳು ಭಾವನ ಕೋವಿಯನ್ನು ಬಿಟ್ಟೀತೇ? ಕೋವಿ ಒರೆಸಿದ ಬಟ್ಟೆಯ ಚೂರು, ಬಿದ್ದಾಗ ಮೆತ್ತಿದ ಕೆಸರು, ಎಲ್ಲಕ್ಕೂ ಅದೇ ಮಾತು. ಇನ್ನೊಂದು ಯಡವಟ್ಟು 12 ಬೋರ್ ಕೋವಿಗೆ 20 ಬೋರಿನ ತೋಟೆ ಹಾಕುವುದು. ಅದು ಸಣ್ಣದು, ಸರ್ರನೆ ಒಳಗೆ ಜಾರಿ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ತೋಟೆಯೇ ಹಾಕಿಲ್ಲವೆಂದುಕೊಂಡು ಹಿಂದಿನಿಂದ 12ರದ್ದು ಹಾಕಿ ಹಾರಿಸಿದರೆ ಮುಗಿಯಿತು. ಅದಕ್ಕೇ ಅಮೆರಿಕದ ಕಂಪನಿಗಳು 20 ಬೋರಿನ ತೋಟೆಗೆ ಹಳದಿ ಬಣ್ಣ ಕೊಡುವ ಪದ್ಧತಿ ಇಟ್ಟುಕೊಂಡಿವೆ. ಕರಿಮದ್ದಿನ ಕಾಲದ ಅಜ್ಜನ ಕೋವಿಗೆ ಇವತ್ತಿನ ಹೊಗೆರಹಿತ ಮದ್ದು ತುಂಬುವುದೂ ಇದೇ ಜಾತಿಯ ಸಾಹಸ.

ಒಡೆದ ನಳಿಗೆ ಎಂದಾಗ ಜಿಮ್ ಕಾರ್ಬೆಟ್ ನೆನಪಾಗುತ್ತಾರೆ. ಹುಡುಗ ಕಾರ್ಬೆಟ್‌ಗೆ ಸಿಕ್ಕ ಮೊದಲ ಕೋವಿಯೇ ಒಂದು ಮುರುಕಲು ಜೋಡುನಳಿಗೆ. ಬಲನಳಿಗೆ ಸೀಳಿತ್ತು, ಮರವನ್ನೂ ನಳಿಗೆಯನ್ನೂ ಹಿತ್ತಾಳೆ ತಂತಿ ಸುತ್ತಿ ಬಿಗಿದಿತ್ತು. ಎಡನಳಿಗೆ ಸರಿಯಿದೆಯಲ್ಲ, ಸಾಕು ಎಂದು ಅದನ್ನೇ ಹೊತ್ತು ಕಾಡಿಗೆ ಹೋಗಿದ್ದೆನೆಂದು ಅವರೇ ಬರೆದುಕೊಂಡಿದ್ದಾರೆ. ಮುಂದೆ ದೊಡ್ಡವರಾದ ಮೇಲೆ ಯಾರೋ ಭಾರಿ ರೈಫಲ್ಲನ್ನು ಅವರ ಮುಖದ ಹತ್ತಿರವೇ ಹಾರಿಸಿ ಕಿವಿಯ ತಮಟೆ ಕೆಟ್ಟಿತು. ಅದು ಕೀವಾಗಿ ಊದಿಕೊಂಡಿದ್ದಾಗಲೇ ತಲ್ಲಾದೇಶದ ನರಭಕ್ಷಕನ ಬೆನ್ನು ಹತ್ತಿದರು. ಹುಲಿಗಳು ಕೊಡಲಾಗದ ಪೆಟ್ಟನ್ನು ಪಕ್ಕದವನ ಕೋವಿ ಕೊಟ್ಟಿತು ನೋಡಿ.

ಕಿವಿಯ ಮಾತು ಬಂದರೆ ವಿಜಯಪುರಕ್ಕೆ ಹೋಗದೆ ಇರಲಾದೀತೇ? ಅಲ್ಲಿನ ಷೇರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ ತೋಪು, ತೂಕ 55 ಟನ್ ಎನ್ನುತ್ತಾರೆ. ಪಕ್ಕದಲ್ಲೊಂದು ನೀರಿನ ತೊಟ್ಟಿ. ತೋಪಿಗೆ ಬತ್ತಿ ಹಚ್ಚಿದವನು ಕಿವಿ ಉಳಿಸಿಕೊಳ್ಳಲು ಅದರಲ್ಲಿ ಮುಳುಗುತ್ತಿದ್ದ ಎಂದು ಗೈಡುಗಳು ಹೇಳುವ ಕಥೆ. ನಿಜವೋ ಸುಳ್ಳೋ, ಹಾರಿಸುವವನ ಸುರಕ್ಷತೆಗೂ ಏರ್ಪಾಡು ಬೇಕೆಂಬ ಯೋಚನೆ ಆ ಕಥೆಯಲ್ಲಾದರೂ ಇದೆ. ಸ್ಕಾಟ್ಲೆಂಡಿನ ದೊರೆ ಎರಡನೇ ಜೇಮ್ಸ್‌ಗೆ ಅಷ್ಟೂ ಇರಲಿಲ್ಲ. ತೋಪೆಂದರೆ ಪ್ರಾಣ ಬಿಡುತ್ತಿದ್ದ ಈ ದೊರೆ 1460ರಲ್ಲಿ ರಾಕ್ಸ್‌ಬರೋ ಕೋಟೆಯ ಮುತ್ತಿಗೆಯಲ್ಲಿ ತನ್ನದೇ ತೋಪಿನ ಪಕ್ಕ ನಿಂತಿದ್ದ; ತೋಪು ಸಿಡಿಯಿತು, ದೊರೆ ನಿಜಕ್ಕೂ ಪ್ರಾಣ ಬಿಟ್ಟ.

ಅಮೆರಿಕದಲ್ಲಿ 1844ರ ಫೆಬ್ರುವರಿ 28ರಂದು ಪ್ರಿನ್ಸ್‌ಟನ್ ಎಂಬ ಹೊಸ ಯುದ್ಧನೌಕೆಯ ಮೇಲೆ ದೊಡ್ಡವರೆಲ್ಲ ವಿಹಾರಕ್ಕೆ ಹೋಗಿದ್ದರು. ಹೊಸ ತೋಪಿನ ಪ್ರದರ್ಶನ. ಮೊದಮೊದಲು ಚೆನ್ನಾಗಿ ಹಾರಿತು. ಇನ್ನೊಂದು ಆಗಲಿ ಎಂದರು. ತೋಪು ಬುಡದಲ್ಲೇ ಸಿಡಿದು ಇಬ್ಬರು ಮಂತ್ರಿಗಳು ಸೇರಿ ಆರು ಜನ ಸತ್ತರು. ಅಧ್ಯಕ್ಷ ಜಾನ್ ಟೈಲರ್ ಕೆಳಗಿನ ಅಂತಸ್ತಿನಲ್ಲಿದ್ದುದರಿಂದ ಬದುಕಿದ. ಸತ್ತವರಲ್ಲೊಬ್ಬನ ಮಗಳು ಜೂಲಿಯಾ ಗಾರ್ಡಿನರ್ ಕೂಡ ಆ ನೌಕೆಯಲ್ಲಿದ್ದಳು, ನಾಲ್ಕು ತಿಂಗಳಲ್ಲಿ ಟೈಲರ್ ಅವಳನ್ನೇ ಮದುವೆಯಾದ. ನಮ್ಮಲ್ಲಾದರೆ ಜಾತಕ ನೋಡದೆ ಆ ಮದುವೆಗೆ ಯಾರೂ ಒಪ್ಪುತ್ತಿರಲಿಲ್ಲ.

ಇರಲಿ, ಎಲ್ಲಿಂದ ಎಲ್ಲಿಗೋ ಹೋದೆ. 'ಇನ್ನೊಂದು ಆಗಲಿ' ಎಂಬ ಮಾತಿದೆಯಲ್ಲ, ಅದರ ವಿಷಯಕ್ಕೆ ಕರ್ಣ ಬುದ್ಧಿವಂತ. ತೊಟ್ಟ ಬಾಣವನ್ನು ಮತ್ತೆ ತೊಡೆನು ಎಂದು ಮಾತು ಕೊಟ್ಟವನು. ಅದರಿಂದ ಅವನಿಗೆ ಕೇಡಾಯಿತು ನಿಜ, ಆದರೆ ಹುಸಿಹೋದ ತೋಟೆಯ ವಿಷಯದಲ್ಲಿ ಅದು ಅಪ್ಪಟ ನೀತಿ. ಒಮ್ಮೆ ಹಾರದ ತೋಟೆಯನ್ನು 'ಇನ್ನೊಂದು ಸಲ ನೋಡೋಣ' ಎಂದು ಮತ್ತೆ ಮತ್ತೆ ಹಾಕಬಾರದು, ಬೇರೆ ಎತ್ತಿಡಬೇಕು. ಹಾಗೆ ನೋಡಿದರೆ ಕರ್ಣನ ಬದುಕೇ ಹುಸಿಹೋದ ಈಡುಗಳ ಸರಮಾಲೆ. ಗುರುಶಾಪದಿಂದ ಬೇಕಾದ ಗಳಿಗೆಯಲ್ಲೇ ಬ್ರಹ್ಮಾಸ್ತ್ರದ ಮಂತ್ರ ಮರೆತುಹೋಯಿತು, ಅದೇ ಹೊತ್ತಿಗೆ ರಥದ ಗಾಲಿ ಹೂತುಹೋಯಿತು.

ಅದೇ ಪಾಡು ಈಚೆಗೆ ಶೂಟರ್ ಮನು ಭಾಕರ್ ಪಟ್ಟರು. ಟೋಕಿಯೊ ಒಲಿಂಪಿಕ್ಸ್, 2021ರ ಜುಲೈ. ಹತ್ತು ಮೀಟರ್ ಏರ್ ಪಿಸ್ತೂಲಿನ ಅರ್ಹತಾ ಸುತ್ತಿನ ನಡುವೆ ಪಿಸ್ತೂಲಿನ ಲಿವರ್ ಮುರಿಯಿತು. ಕಾಲುಗಂಟೆಗೂ ಮಿಕ್ಕ ಸಮಯ ರಿಪೇರಿಗೇ ಹೋಯಿತು. ಗಡಿಯಾರ ಕಾಯುವುದಿಲ್ಲವಲ್ಲ! 575 ಅಂಕ, 12ನೇ ಸ್ಥಾನ, ಫೈನಲ್ ತಪ್ಪಿದ್ದು ಬರೀ ಎರಡು ಅಂಕದಿಂದ. ಮೂರು ವರ್ಷವಾದ ಮೇಲೆ ಪ್ಯಾರಿಸ್‌ನಲ್ಲಿ ಅದೇ ಸ್ಪರ್ಧೆಯ ಕಂಚು ಕೊರಳಿಗೆ ಬಿತ್ತು, ಮಿಶ್ರ ತಂಡದ್ದು ಇನ್ನೊಂದು. ಹಂಗೇರಿಯ ಕರೋಲಿ ಟಕಾಚ್ ಎಂಬ ಸೈನಿಕನದು ಇದಕ್ಕೂ ಘೋರ. 1938ರಲ್ಲಿ ಕೆಟ್ಟ ಗ್ರೆನೇಡ್ ಕೈಯಲ್ಲೇ ಸಿಡಿದು ಬಲಗೈ ಹಾಳಾಯಿತು. ಸದ್ದಿಲ್ಲದೆ ಎಡಗೈಯಲ್ಲಿ ಅಭ್ಯಾಸ ಮಾಡಿ 1948ರಲ್ಲಿ ಲಂಡನ್‌ನಲ್ಲೂ 1952ರಲ್ಲಿ ಹೆಲ್ಸಿಂಕಿಯಲ್ಲೂ ಚಿನ್ನ ಗೆದ್ದ. ಕೈ ಹೋದರೆ ಇನ್ನೊಂದು ಕೈ ಕಲಿಯುತ್ತದೆ. ಕಣ್ಣು ಹೋದರೆ? ಎರಡೂ ಒಂದೇ ಮುಖದಲ್ಲಿ, ಒಂದೇ ಹೊತ್ತಿಗೆ, ಒಂದೇ ಕೋವಿಯ ಹಿಂದೆ ಇರುತ್ತವಲ್ಲ!

ಬೇಡರ ಕಣ್ಣಪ್ಪನ ಕಥೆ ಗೊತ್ತಿಲ್ಲದವರು ನಮ್ಮಲ್ಲಿಲ್ಲ. 1954ರ ಸಿನಿಮಾದಲ್ಲಿ ನಮಗೆ ರಾಜಕುಮಾರ್ ಸಿಕ್ಕಿದ್ದೂ ಆ ಕಥೆಯಿಂದಲೇ. ಒಂದು ಕಣ್ಣು ಕಿತ್ತುಕೊಟ್ಟ, ಎರಡನೆಯದನ್ನು ಕೀಳುವ ಮುನ್ನ ಜಾಗ ತಪ್ಪದಿರಲೆಂದು ಶಿವನ ಕಣ್ಣಿನ ಮೇಲೆ ಕಾಲಿಟ್ಟುಕೊಂಡ. ಅವನಿಗೆ ಕಣ್ಣು ವಾಪಸು ಕೊಡಲು ಎದುರಿಗೇ ಶಿವನಿದ್ದ. ಶೂಟಿಂಗ್ ರೇಂಜಿನಲ್ಲಿ ಎದುರಿಗಿರುವುದು ರಟ್ಟಿನ ಗುರಿಹಲಗೆ.

ಕೋವಿಯೊಳಗೆ ನಡೆಯುವುದೇನೆಂದು ತಿಳಿದರೆ ಕನ್ನಡಕ ಹಾಕೆಂದು ಯಾರೂ ಹೇಳಬೇಕಾಗಿಲ್ಲ. ಅಡುಗೆಮನೆಯ ಕುಕ್ಕರಿನೊಳಗೆ ಚದರಂಗುಲಕ್ಕೆ ಸುಮಾರು 15 ಪೌಂಡ್ ಒತ್ತಡ. ಅದರ ಗ್ಯಾಸ್ಕೆಟ್ ಸಡಿಲವಾದರೇ ಹೆಂಗಸರು ಮಾರು ದೂರ ನಿಲ್ಲುತ್ತಾರೆ. 12 ಬೋರಿನ ತೋಟೆಯೊಳಗೆ ಆ ಒತ್ತಡ 10 ಸಾವಿರ ಪೌಂಡ್ ದಾಟುತ್ತದೆ, ರೈಫಲ್ಲಿನಲ್ಲಿ 50 ಸಾವಿರ. ಇದೆಲ್ಲ ಕೆನ್ನೆಯಿಂದ ಒಂದು ಗೇಣಿನೊಳಗೆ. ತೋಟೆಯ ಹಿತ್ತಾಳೆ ಬಿರುಕು ಬಿಟ್ಟರೆ, ಹಿಂಬದಿಯ ಕೇಪು ತೂತಾದರೆ, ಕದ ಪೂರ್ತಿ ಮುಚ್ಚುವ ಮೊದಲೇ ಗುಂಡು ಹಾರಿದರೆ, ಆ ಬಿಸಿ ಗಾಳಿಯೂ ಲೋಹದ ಚೂರೂ ಹಿಂದಕ್ಕೇ ಬರುತ್ತವೆ. ರೆಪ್ಪೆ ಮುಚ್ಚಲು ಸೆಕೆಂಡಿನ ಹತ್ತನೇ ಒಂದು ಭಾಗವಾದರೂ ಬೇಕು. ಅಷ್ಟರಲ್ಲಿ ಬರಬೇಕಾದದ್ದು ಬಂದು ಕೂತಿರುತ್ತದೆ. ಕೆಡದ ಕೋವಿಯೂ ಸಾಧುವಲ್ಲ: ಪಕ್ಕದವನ ಪಿಸ್ತೂಲಿನಿಂದ ಚಿಮ್ಮಿದ ಬಿಸಿ ಖಾಲಿ ತೋಟೆ, ಕಬ್ಬಿಣದ ಗುರಿಗೆ ಬಡಿದು ಹಿಂದಿರುಗುವ ಸೀಸದ ಚೂರು, ಮಕ್ಕಳ ಏರ್‌ಗನ್ನಿನಿಂದ ಹಾರಿ ಪುಟಿದ ಗುಂಡು. ಎಲ್ಲಕ್ಕೂ ಮೆತ್ತನೆಯ ಜಾಗ ಒಂದೇ.

ಕೆಂಟುಕಿ ಬ್ಯಾಲಿಸ್ಟಿಕ್ಸ್ ಎಂಬ ಯೂಟ್ಯೂಬ್ ಚಾನೆಲ್ಲಿನ ಸ್ಕಾಟ್ ಡಿಶೀಲ್ಡ್ಸ್‌ಗೆ 2021ರ ಏಪ್ರಿಲ್‌ನಲ್ಲಿ ಆದದ್ದನ್ನು ಲಕ್ಷಾಂತರ ಜನ ನೋಡಿದ್ದಾರೆ. 50 ಕ್ಯಾಲಿಬರಿನ ದೈತ್ಯ ರೈಫಲ್, ತಿರುಪಿನ ಲೋಹದ ಮುಚ್ಚಳ ಅದರ ಹಿಂಬಾಗಿಲು. ಒಂದು ತೋಟೆ ಅತಿಯಾದ ಒತ್ತಡದಿಂದ ಸಿಡಿದು ಮುಚ್ಚಳ ಕಿತ್ತು ಬಂತು. ಕುತ್ತಿಗೆಯ ರಕ್ತನಾಳ ಹರಿಯಿತು, ಆತ ಹೆಬ್ಬೆರಳನ್ನು ಗಾಯಕ್ಕೆ ಒತ್ತಿ ಹಿಡಿದ. ಜೊತೆಗಿದ್ದ ಅಪ್ಪ ಗಾಡಿ ಓಡಿಸಿದರು. ಕಣ್ಣಿನ ಸುತ್ತಲ ಮೂಳೆ ಮೂರು ಕಡೆ ಮುರಿದಿತ್ತು. ಕಣ್ಣು ಮಾತ್ರ ಉಳಿಯಿತು. ಯಾಕೆಂದರೆ ಸುರಕ್ಷತೆಯ ಕನ್ನಡಕ ಹಾಕಿದ್ದ.

ಆ ಕನ್ನಡಕ ಎಂಥದು? ಪೇಪರ್ ಓದುವ ಕನ್ನಡಕವಲ್ಲ. 1953ರಲ್ಲಿ ಜರ್ಮನಿಯ ಬೇಯರ್‌ನಲ್ಲಿ ಹರ್ಮನ್ ಶ್ನೆಲ್, ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿ ಡೇನಿಯಲ್ ಫಾಕ್ಸ್, ಒಬ್ಬರಿಗೊಬ್ಬರು ತಿಳಿಯದೆ ಕಂಡುಹಿಡಿದ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕಿನದು. ಗಾಜಿನಂತೆ ಚೂರಾಗದೆ ಪೆಟ್ಟನ್ನು ತಡೆದುಕೊಳ್ಳುತ್ತದೆ. ಕಾಲಂಗುಲದ ಉಕ್ಕಿನ ಗುಂಡನ್ನು ಸೆಕೆಂಡಿಗೆ 150 ಅಡಿ ವೇಗದಲ್ಲಿ ಬಡಿದರೂ ಒಡೆಯದ ಕನ್ನಡಕಕ್ಕೆ ಅಮೆರಿಕದವರು 'ಝಡ್ 87 ಪ್ಲಸ್' ಎಂದು ಅಚ್ಚೊತ್ತುತ್ತಾರೆ. ಕೊಳ್ಳುವಾಗ ಕಂಪನಿಯ ಹೆಸರಿಗಿಂತ ಆ ಅಚ್ಚನ್ನು ಹುಡುಕಿ. ಬದಿಯಿಂದಲೂ ಚೂರು ನುಗ್ಗದಂತೆ ಮುಖಕ್ಕೆ ಸುತ್ತಿ ಕೂರುವಂಥದ್ದಾದರೆ ಒಳ್ಳೆಯದು. ಮೇಲೊಂದು ಅಂಚಿರುವ ಟೋಪಿ ಇದ್ದರೆ ಬಿಸಿ ತೋಟೆ ಕನ್ನಡಕದ ಸಂದಿಯಲ್ಲಿ ಬಿದ್ದು ನೀವು ಕುಣಿಯುವುದು ತಪ್ಪುತ್ತದೆ.

ಇಷ್ಟನ್ನೂ ಭಾವನಿಗೆ ಹೇಳಿದೆ. ಅವರು ಮೀಸೆ ತೀಡುತ್ತಾ, "ಅಲ್ಲ ಮಾರಾಯ, ಆ ಟರ್ಕಿಯವನು ಬರೀ ಕಿಸೆಯಲ್ಲಿ ಕೈ ಇಟ್ಟುಕೊಂಡು ಬೆಳ್ಳಿ ಹೊಡೆದನಲ್ಲ?" ಎಂದರು. ಪ್ಯಾರಿಸ್‌ನಲ್ಲಿ 51ರ ಯೂಸುಫ್ ದಿಕೆಚ್ ಯಾವ ವಿಶೇಷ ಮಸೂರವೂ ಇಲ್ಲದೆ ನಿಂತ ಫೋಟೊ ಕೊಡಗಿಗೂ ತಲುಪಿತ್ತು. "ಭಾವ, ಆ ಫೋಟೊ ಸರಿಯಾಗಿ ನೋಡಿ, ಮೂಗಿನ ಮೇಲೆ ಕನ್ನಡಕ ಇದೆ" ಎಂದೆ. ಅಕ್ಕ ಒಳಗಿನಿಂದಲೇ, "ತೋಟದಲ್ಲಿ ಹುಲ್ಲು ಕತ್ತರಿಸುವ ಮೆಷಿನ್ ಹಿಡಿಯುವ ಹುಡುಗನಿಗೆ ಕಲ್ಲು ಸಿಡಿಯುತ್ತದೆ ಅಂತ ಕನ್ನಡಕ ತಂದುಕೊಟ್ಟದ್ದು ಇವರೇ, ತನಗೆ ಹಾಕು ಅಂದರೆ ಆಗುವುದಿಲ್ಲ" ಎಂದು ಕೂಗಿ ಹೇಳಿದಳು. ಭಾವ ಉತ್ತರ ಕೊಡದೆ ಕಾಫಿ ಕೇಳಿದರು. ಕೊಡಗಿನಲ್ಲಿ ಸೋಲೊಪ್ಪಿಕೊಳ್ಳುವ ಮರ್ಯಾದಸ್ಥ ಕ್ರಮ ಅದು.

ಮಾರನೆಯ ದಿನ ಊರಿನ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಮರದ ಕೊಂಬೆಗೆ ಕಾಯಿ ಕಟ್ಟಿದ್ದರು, ಹೆಣ್ಣುಮಕ್ಕಳೂ ಸಾಲಿನಲ್ಲಿ ನಿಂತಿದ್ದರು. ಭಾವ ಆ ಹುಲ್ಲು ಮೆಷಿನ್ನಿನ ಹುಡುಗನ ಕನ್ನಡಕವನ್ನೇ ಎರವಲು ಪಡೆದು, ಬಟ್ಟೆಯಿಂದ ನಾಲ್ಕು ಸಲ ಒರೆಸಿ ಹಾಕಿಕೊಂಡರು. ಗೆದ್ದದ್ದು ಕಾಲೇಜು ಹುಡುಗಿಯೊಬ್ಬಳು. ಕನ್ನಡಕದಿಂದಲೇ ಗುರಿ ತಪ್ಪಿತೆಂದು ಭಾವನ ವಾದ. ನೂರು ನೆಪಕ್ಕೆ ಅದು ನೂರ ಒಂದನೆಯದು, ಬಿಡಿ. ಒಡೆದ ಕಾಯಿಗಳನ್ನು ಅಕ್ಕ ಮನೆಗೆ ತಂದು ಚಟ್ನಿಗೆ ತುರಿದಳು. ನಿಮಗೂ ಎಂದಾದರೂ ಅಂಥ ಕಾಯಿಯ ಚಟ್ನಿ ಬಡಿಸಿದರೆ ಒಂದೇ ಮಾತು ನೆನಪಿರಲಿ: ಮೆಲ್ಲಗೆ ಅಗಿಯಿರಿ, ಒಳಗೆ ಸೀಸದ ಚೂರಿರಬಹುದು. ಹಲ್ಲಿಗೆ ಕನ್ನಡಕ ಮಾಡುವವರು ಇನ್ನೂ ಹುಟ್ಟಿಲ್ಲ.